ಹೊಸ ಕ್ಲಾಸ್‌ರೂಮಿಗೆ 75 ಇಂಚಿನ ಪ್ಯಾನಲ್ ಹಾಕಿದರೆ ಸಾಕಾ? ಟೆಂಡರ್ ಕರೆಯೋ ಮೊದಲು ಏನೇನು ಕೇಳಬೇಕು?

ಮೂರನೇಮಹಡಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತೀನಿ, ಹೆಸರು ಬೇಡ. ನಮ್ಮ ಬ್ಲಾಕಿನ ಮೇಲೆ ಇನ್ನೊಂದು ಮಹಡಿ ಏಳ್ತಾ ಇದೆ. ಎಂಟು ತರಗತಿ ಕೋಣೆ. ಗೋಡೆ ಎದ್ದಿದೆ, ಪ್ಲಾಸ್ಟರಿಂಗ್ ಆಗಿಲ್ಲ, ವೈರಿಂಗ್ ಆಗಿಲ್ಲ. ಕಟ್ಟಡ ಸಮಿತಿಗೆ ಅಧ್ಯಾಪಕರ ಪರವಾಗಿ ನನ್ನನ್ನ ಹಾಕಿದ್ದಾರೆ.

ಸಭೆಗೆ ಹೋದರೆ ಪಟ್ಟಿ ಆಗಲೇ ತಯಾರು. ಪ್ರತಿ ಕೋಣೆಗೆ 75 ಇಂಚಿನ ಇಂಟರ್‌ಆಕ್ಟಿವ್ ಪ್ಯಾನಲ್ (ಬೆರಳಲ್ಲಿ ಮುಟ್ಟಿ ಬರೆಯೋ, ದೊಡ್ಡ ಟಿವಿ ಥರದ ಪರದೆ) ಒಂದು, ಸ್ಪ್ಲಿಟ್ ಎಸಿ ಎರಡು, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೂವರು ಕೂರುವ ಬೆಂಚು-ಡೆಸ್ಕು. ಇಲ್ಲಿ ಪಾಠ ಮಾಡೋರನ್ನ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ. ನಾನು ಕೇಳಿದ್ದಕ್ಕೆ "ನೀವೇ ಬರೆದುಕೊಡಿ ಸರ್, ಮುಂದಿನ ಸಭೆಗೆ ಇಡೋಣ" ಅಂದರು.

ಕೋಣೆ ಒಂಬತ್ತೂವರೆ ಮೀಟರ್ ಉದ್ದ, ಏಳು ಮೀಟರ್ ಅಗಲ, ಎತ್ತರ ಮೂರೂವರೆ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಹೇಳೋ 66 ಚದರ ಮೀಟರ್ ಲೆಕ್ಕಕ್ಕೆ ಸರಿಯಾಗಿ ಕೂಡಿಸಿದ್ದಾರೆ. ಬೋರ್ಡು ಚಿಕ್ಕ ಗೋಡೆಗೆ. ಒಂದು ಉದ್ದ ಗೋಡೆ ಕಾರಿಡಾರ್ ಕಡೆ, ಇನ್ನೊಂದರಲ್ಲಿ ಸಾಲು ಕಿಟಕಿ, ಅದರಾಚೆ ಬಸ್ಸು ಓಡಾಡೋ ರಸ್ತೆ. ಒಂದು ತರಗತಿಗೆ ಅರವತ್ತು ಜನ, ಎಂಎ ಆದರೆ ಇಪ್ಪತ್ತು ಚಿಲ್ಲರೆ. ಏನು ಬರೆದುಕೊಡಲಿ?

ಕಾಲಂಬೀಮು

ಆರ್ಕಿಟೆಕ್ಟ್ ನಾನು. ಪ್ಲಾಸ್ಟರಿಂಗ್ ಆಗಿಲ್ಲ ಅಂದ್ರಲ್ಲ, ಅದೇ ನಿಮ್ಮ ಪುಣ್ಯ.

ಮೊದಲು ಪ್ಯಾನಲ್ ಲೆಕ್ಕ. 75 ಇಂಚು ಅನ್ನೋದು ಕರ್ಣದ ಅಳತೆ. ಚಿತ್ರದ ಎತ್ತರ ಬರೀ 93 ಸೆಂಟಿಮೀಟರ್. ಪಾಠದ ಕೋಣೆಗಳಿಗೆ ಹಳೇ ರೂಢಿಯ ನಿಯಮ ಒಂದಿದೆ: ಕೊನೆಯವನು ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಕೂರಬಾರದು. ಅಂದರೆ 5.6 ಮೀಟರ್. ನಿಮ್ಮ ಕೊನೇ ಬೆಂಚು ಎಂಟೂವರೆ ಮೀಟರ್ ದೂರ ಇರುತ್ತೆ. ಅರ್ಧ ಕ್ಲಾಸಿಗೆ ಆ ಪ್ಯಾನಲ್ ಗೋಡೆ ಅಲಂಕಾರ. 86 ಇಂಚು ತಂದರೂ 6.4 ಮೀಟರ್‌ಗೆ ನಿಲ್ಲುತ್ತೆ. ಒಂದೂವರೆ ಮೀಟರ್ ಎತ್ತರದ ಪರದೆ, ಒಳ್ಳೇ ಪ್ರೊಜೆಕ್ಟರ್ ಹಾಕಿದರೆ ಒಂಬತ್ತು ಮೀಟರ್ ಸಿಗುತ್ತೆ. ಆದರೆ ಈಗ ಪ್ರೊಜೆಕ್ಟರ್ ಅಂದರೆ ಹಳೇ ಕಾಲದ್ದು ಅಂತ ಸಮಿತಿಯವರು ಮೂಗು ಮುರೀತಾರೆ.

ಖರ್ಚಿಲ್ಲದ ಇನ್ನೊಂದು ದಾರಿ ಇದೆ. ಕೋಣೆಯನ್ನೇ ತಿರುಗಿಸಿ. ಬೋರ್ಡನ್ನ ಉದ್ದ ಗೋಡೆಗೆ, ಕಾರಿಡಾರ್ ಕಡೆಗೆ ಹಾಕಿ. ಆಗ ಆಳ ಏಳೇ ಮೀಟರ್, ಕೊನೇ ಸಾಲು ಆರು ಚಿಲ್ಲರೆ ಮೀಟರ್‌ಗೆ ಬರುತ್ತೆ. ಬೋರ್ಡಿಗೆ ಒಂಬತ್ತು ಮೀಟರ್ ಗೋಡೆ ಸಿಗುತ್ತೆ. ಅದೇ ಕಟ್ಟಡ, ಅದೇ ದುಡ್ಡು.

ಸುಣ್ಣದಕೈ

ಆ ಒಂಬತ್ತು ಮೀಟರ್ ಗೋಡೆಗೆ ನನ್ನದೊಂದು ವೋಟು. ಗಣಿತ ಮೇಷ್ಟ್ರು ನಾನು. ಪ್ಯಾನಲ್ ಮೇಲೆ ಒಂದು ಪ್ರಮೇಯದ ಅರ್ಧಕ್ಕೆ ಬರೋಷ್ಟರಲ್ಲಿ ಜಾಗ ಖಾಲಿ. ಪುಟ ತಿರುಗಿಸಿದರೆ ಮೊದಲ ಸಾಲು ಮಾಯ, ಹುಡುಗರು "ಸಾರ್ ಹಿಂದಕ್ಕೆ ಹೋಗಿ" ಅಂತ ಕೂಗೋದು. ಬೋರ್ಡಲ್ಲಿ ಎಡದಿಂದ ಬಲಕ್ಕೆ ಪೂರ್ತಿ ವಾದ ಕಣ್ಣೆದುರೇ ಇರುತ್ತೆ, ನಿಧಾನ ಬರೆಯೋನೂ ಹಿಡಿದುಕೊಳ್ತಾನೆ.

ದಯವಿಟ್ಟು ಒಂದು ಮಾತು ಬರೆದುಕೊಡಿ: ಪ್ಯಾನಲ್ಲನ್ನ ಬೋರ್ಡಿನ ಮಧ್ಯಕ್ಕೆ ಜಡಿಯಬೇಡಿ. ನಾನು ಹಿಂದೆ ಇದ್ದ ಕಾಲೇಜಲ್ಲಿ ಹಾಗೇ ಮಾಡಿ ಎರಡು ಕಡೆ ಒಂದೊಂದು ಮೀಟರ್ ಕಿವಿ ಥರ ಬೋರ್ಡು ಉಳಿಸಿದ್ದರು.

ಹಿಂದಿನಬೆಂಚು

ಸ್ಟೂಡೆಂಟ್ ಕಡೆಯಿಂದ. ನೀವೆಲ್ಲ ಕಾಣೋದರ ಬಗ್ಗೆ ಮಾತಾಡ್ತಿದೀರ, ನಮಗೆ ಕೇಳೋದೇ ಇಲ್ಲ. ಹೊಸ ಬ್ಲಾಕಲ್ಲಿ ನಮ್ಮ ಕ್ಲಾಸು. ಮೇಡಂ ಜೋರಾಗೇ ಮಾತಾಡ್ತಾರೆ, ಆದರೂ ಹಿಂದಕ್ಕೆ ಬರೀ ಗುಂಯ್ ಅನ್ನುತ್ತೆ. ಹಳೇ ಬ್ಲಾಕಲ್ಲಿ ಹಿಂಗೆ ಇರಲಿಲ್ಲ.

ಆಮೇಲೆ ಪ್ಲಗ್ ಪಾಯಿಂಟ್. ಅರವತ್ತು ಜನಕ್ಕೆ ಎರಡು. ಅದೂ ಒಂದು ಮೇಷ್ಟ್ರ ಟೇಬಲ್ ಹತ್ರ.

ಸಪ್ಪಳ

ಹಿಂದಿನಬೆಂಚು ಅವರೇ, ನೀವು ಹೇಳಿದ್ದು ಈ ಇಡೀ ಚರ್ಚೆಯಲ್ಲಿ ಮುಖ್ಯವಾದ ಮಾತು. ಕೊಂಚ ಉದ್ದ ಬರೀತೀನಿ, ಭೌತಶಾಸ್ತ್ರದವಳ ಚಟ.

ಕಟ್ಟಡಗಳ ಧ್ವನಿವಿಜ್ಞಾನ ಅನ್ನೋ ಶಾಸ್ತ್ರ ಹುಟ್ಟಿದ್ದೇ ಒಂದು ಕೆಟ್ಟ ಕ್ಲಾಸ್‌ರೂಮಿನಿಂದ. 1895ರಲ್ಲಿ ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಭವನದಲ್ಲಿ ಯಾರಿಗೂ ಪಾಠ ಅರ್ಥವಾಗ್ತಿರಲಿಲ್ಲ. ಒಂದು ಮಾತು ಆಡಿದರೆ ಅದರ ಸದ್ದು ಐದೂವರೆ ಸೆಕೆಂಡ್ ಅಲ್ಲೇ ಸುತ್ತುತ್ತಿತ್ತು. ಸರಿಪಡಿಸು ಅಂತ ವ್ಯಾಲೇಸ್ ಸ್ಯಾಬಿನ್ ಅನ್ನೋ ಎಳೇ ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿದರು. ಆತ ಪಕ್ಕದ ಸ್ಯಾಂಡರ್ಸ್ ಥಿಯೇಟರ್‌ನ ಕುರ್ಚಿ ಮೆತ್ತೆಗಳನ್ನ ರಾತ್ರಿ ಹೊತ್ತು ತಂದು ಹಾಸಿ, ಎಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಅಡಗುತ್ತೆ ಅಂತ ಅಳೆದ. ಬೆಳಗಾಗೋ ಮುಂಚೆ ಮೆತ್ತೆ ವಾಪಸ್. ಆ ಅಳತೆಗಳಿಂದ ಬಂದ ಸೂತ್ರವನ್ನೇ ಇವತ್ತಿಗೂ ಬಳಸ್ತೀವಿ: ಕೋಣೆಯ ಘನ ಅಳತೆಯನ್ನ 0.161ರಿಂದ ಗುಣಿಸಿ, ಕೋಣೆಯೊಳಗೆ ಸದ್ದು ಹೀರುವ ಒಟ್ಟು ಮೇಲ್ಮೈಯಿಂದ (ಒಂದೊಂದು ಮೇಲ್ಮೈಯಲ್ಲೂ ಅದು ಹೀರುವಷ್ಟು ಪಾಲು ಮಾತ್ರ ಲೆಕ್ಕಕ್ಕೆ) ಭಾಗಿಸಿದರೆ, ಸದ್ದು 60 ಡೆಸಿಬೆಲ್ ಇಳಿಯೋಕೆ ಬೇಕಾದ ಸೆಕೆಂಡ್ ಸಿಗುತ್ತೆ.

ಮೂರನೇಮಹಡಿ ಸರ್ ಕೋಣೆಗೆ ಹಾಕಿ ನೋಡೋಣ. ಘನ ಅಳತೆ ಸುಮಾರು 233 ಘನ ಮೀಟರ್. ನೆಲ, ಸೀಲಿಂಗ್, ಗೋಡೆ ಸೇರಿ 248 ಚದರ ಮೀಟರ್. ಪ್ಲಾಸ್ಟರು, ಕಾಂಕ್ರೀಟು, ಟೈಲ್ಸು ಇವೆಲ್ಲ ತಮ್ಮ ಮೇಲೆ ಬಿದ್ದ ಸದ್ದಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಹೀರೋದು. ಖಾಲಿ ಕೋಣೆಗೆ ಲೆಕ್ಕ ಹಾಕಿದರೆ ಐದು ಸೆಕೆಂಡ್! ಅರವತ್ತು ಜನ ಬಂದು ಕೂತರೆ ಅವರ ಮೈ, ಬಟ್ಟೆ ಹೀರಿ 1.2 ಸೆಕೆಂಡಿಗೆ ಇಳಿಯುತ್ತೆ. ಇಷ್ಟು ದೊಡ್ಡ ತರಗತಿಗೆ ಅಮೆರಿಕದ ಆನ್ಸಿ (ಅಲ್ಲಿನ ರಾಷ್ಟ್ರೀಯ ಮಾನದಂಡ ಸಂಸ್ಥೆ) ಮಾನದಂಡ ಕೇಳೋದು 0.6, ಅದೂ ಜನ ಇಲ್ಲದಿದ್ದಾಗ. ನಾನು ಕ್ಲಾಸ್ ತುಂಬಿರೋ ಲೆಕ್ಕಕ್ಕೇ ಅಷ್ಟನ್ನ ಗುರಿ ಇಟ್ಟುಕೊಳ್ತಿದೀನಿ, ಬಜೆಟ್ ನೋಡಿ.

ಸೀಲಿಂಗಿನ ಅರ್ಧ ಭಾಗಕ್ಕೆ ಸದ್ದು ಹೀರುವ ಮಿನರಲ್ ಫೈಬರ್ ಟೈಲೋ ವುಡ್‌ವುಲ್ (ಮರದ ಎಳೆಗಳ) ಬೋರ್ಡೋ ಹಾಕಿದರೆ 0.7. ಹಿಂದಿನ ಗೋಡೆಗೆ ಒಂದು ದಪ್ಪ ಪಿನ್-ಅಪ್ ಬೋರ್ಡು ಸೇರಿಸಿದರೆ 0.6. ಒಂದು ಪ್ಯಾನಲ್ ದುಡ್ಡಲ್ಲಿ ಒಂದಕ್ಕಿಂತ ಹೆಚ್ಚು ಕೋಣೆಗೆ ಇದು ಆಗಬಹುದು, ನಿಮ್ಮ ಗುತ್ತಿಗೆದಾರರಿಂದ ರೇಟ್ ತರಿಸಿ ನೋಡಿ.

ಹಿಂದಿನ ಬೆಂಚಿಗೆ "ಗುಂಯ್" ಅನ್ನೋದಕ್ಕೂ ಕಾರಣ ಇದೇ. ಸ್ವರಗಳಿಗೆ ಬಲ ಜಾಸ್ತಿ, ಅವು ಕೋಣೆಯಲ್ಲಿ ಉಳೀತವೆ. ಹಿಂದೆಯೇ ಬರೋ ಕ, ತ, ಪ, ಸ ಸಣ್ಣ ಸದ್ದುಗಳು. ಹಿಂದಿನ ಅಕ್ಷರದ ಬಾಲದಡಿ ಮುಚ್ಚಿಹೋಗ್ತವೆ. ಮೇಡಂ ಇನ್ನೂ ಜೋರಾಗಿ ಮಾತಾಡಿದರೆ ಬಾಲವೂ ಅಷ್ಟೇ ಜೋರಾಗುತ್ತೆ.

ಹುಬ್ಬಳ್ಳಿಹುಡುಗ

ಭಾಳ ಚಲೋ ಬರದೀರಿ ಮೇಡಂ. ಹಂಗಾರ ನಮ್ಮ ಸರ್ ಸೊಂಟಕ್ಕ ಕಟ್ಕೊಂಡು ಬರೋ ಮೈಕ್ ಏನೂ ಉಪಯೋಗ ಇಲ್ಲೇನ್ರಿ? ಗಂಟಲಾ ಹೋಗೇತಿ ಅಂತ ಅದನ್ನ ತಗೊಂಡಾರ. ಪಕ್ಕದ ಕ್ಲಾಸಿಗೂ ಪಾಠ ಕೇಳಸ್ತೈತ್ರಿ, ನಮಗಷ್ಟ ತಿಳ್ಯಂಗಿಲ್ಲ.

ಸಪ್ಪಳ

ನಿಮ್ಮ ಸರ್ ಗಂಟಲಿಗೆ ಉಪಯೋಗ ಇದೆ, ಅದನ್ನ ಬಿಡಿಸಬೇಡಿ. ದಿನಕ್ಕೆ ನಾಲ್ಕು ಗಂಟೆ ಕಿರುಚೋ ಮೇಷ್ಟ್ರುಗಳ ಸ್ಥಿತಿ ನನಗೂ ಗೊತ್ತು. ಆದರೆ ಬೋಳು ಕೋಣೆಯಲ್ಲಿ ಮೈಕ್ ಹೆಚ್ಚಿಸೋದು ಗದ್ದಲವನ್ನೇ. ಮೊದಲು ಸೀಲಿಂಗ್, ಆಮೇಲೆ ಮೈಕ್. ಮೈಕ್ ಬೇಕೇ ಬೇಕು ಅಂದರೆ ಮುಂದೆ ಎರಡು ದೊಡ್ಡ ಸ್ಪೀಕರ್ ಇಡೋ ಬದಲು ಸೀಲಿಂಗಿನಲ್ಲಿ ನಾಲ್ಕು ಸಣ್ಣವು, ಮೆಲ್ಲಗೆ.

ಒಂದು ಎಚ್ಚರಿಕೆ: ಆನ್‌ಲೈನಲ್ಲಿ ಮೊಟ್ಟೆ ಟ್ರೇ ಆಕಾರದ ಸ್ಪಂಜು ಅಗ್ಗಕ್ಕೆ ಸಿಗುತ್ತೆ. ಅವುಗಳಲ್ಲಿ ಹಲವು, ಬೆಂಕಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳೋ ಮಾಲು. ತರಗತಿಗೆ ಬೇಡವೇ ಬೇಡ.

ದುಂಡುಮೇಜು

ನೀವೆಲ್ಲ ಒಬ್ಬರು ಮಾತಾಡಿ ಅರವತ್ತು ಜನ ಕೇಳೋ ಕೋಣೆಯನ್ನೇ ಚಂದ ಮಾಡ್ತಿದೀರಿ. ಆ ಪಾಠದ ರೀತಿಯೇ ಬದಲಾಗಬೇಕು ಅಂತ ಯಾಕೆ ಯಾರೂ ಹೇಳ್ತಿಲ್ಲ? ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬೈಕ್ನರ್ 1990ರ ದಶಕದಲ್ಲೇ ಸ್ಕೇಲ್-ಅಪ್ ಅಂತ ಶುರು ಮಾಡಿದರು. ಏಳು ಅಡಿ ಅಗಲದ ದುಂಡು ಮೇಜು, ಒಂದೊಂದಕ್ಕೆ ಒಂಬತ್ತು ಜನ, ಮೂರು ಮೂರರ ತಂಡ. ಮೇಷ್ಟ್ರು ಮೇಜಿನಿಂದ ಮೇಜಿಗೆ ಓಡಾಡಬೇಕು. ಅಮೆರಿಕದ್ದೇ ಇನ್ನೊಂದು ವಿಶ್ವವಿದ್ಯಾಲಯ ಎಂಐಟಿಯಲ್ಲಿ ಜಾನ್ ಬೆಲ್ಚರ್ ಇದನ್ನೇ ಹಿಡಿದು ಮೊದಲ ವರ್ಷದ ಭೌತಶಾಸ್ತ್ರವನ್ನ ದುಂಡು ಮೇಜಿಗೆ ತಂದರು, ಫೇಲ್ ಆಗೋರು ಕಡಿಮೆಯಾದರು. ಎಂಟರಲ್ಲಿ ಎರಡು ಕೋಣೆಯಾದರೂ ಹಾಗೆ ಮಾಡಿ ಸರ್.

ಪರೀಕ್ಷಾಕೊಠಡಿ

ನಾನು ಪರೀಕ್ಷಾ ಕೆಲಸ ನೋಡಿಕೊಳ್ಳೋನು. ಒಂದೇ ಪ್ರಶ್ನೆ: ಆ ದುಂಡು ಮೇಜಲ್ಲಿ ಸೆಮಿಸ್ಟರ್ ಪರೀಕ್ಷೆ ಹೇಗೆ ಬರೆಸ್ತೀರಿ? ಒಂಬತ್ತು ಜನ ಮುಖಕ್ಕೆ ಮುಖ ಕೊಟ್ಟು? ವರ್ಷದಲ್ಲಿ ಎರಡು ಸಲ ನಮ್ಮ ಕ್ಲಾಸ್‌ರೂಮೆಲ್ಲ ಪರೀಕ್ಷಾ ಕೇಂದ್ರ. ಅದು ಮುಗೀತು ಅಂದರೆ ಭಾನುವಾರ ಯಾವುದೋ ನೇಮಕಾತಿ ಪರೀಕ್ಷೆಗೆ ಬ್ಲಾಕ್ ಕೇಳ್ಕೊಂಡು ಪತ್ರ ಬರುತ್ತೆ. ಸಾಲು ಬೇಕು, ಡೆಸ್ಕಿನ ಮೇಲೆ ನಂಬರ್ ಅಂಟಿಸೋಕೆ ಜಾಗ ಬೇಕು, ಮೇಲ್ವಿಚಾರಕರು ಓಡಾಡೋಕೆ ದಾರಿ ಬೇಕು. ಇದನ್ನ ಮರೆತು ಮಾಡಿದ ಕೋಣೆಗೆ ಪರೀಕ್ಷೆ ಟೈಮಲ್ಲಿ ಬೀಗ ಹಾಕಬೇಕಾಗುತ್ತೆ, ಆಮೇಲೆ ಅದು ಸ್ಟೋರ್ ರೂಮ್ ಆಗುತ್ತೆ.

ಕಾಲಂಬೀಮು

ಪರೀಕ್ಷಾಕೊಠಡಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ, ಯಾವ ವಿದೇಶಿ ವಿನ್ಯಾಸದ ಪುಸ್ತಕದಲ್ಲೂ ಇದು ಸಿಗಲ್ಲ. ದುಂಡುಮೇಜು ಅವರಿಗೆ ಜಾಗದ ಲೆಕ್ಕವೂ ಹೇಳ್ತೀನಿ. 66 ಚದರ ಮೀಟರ್‌ಗೆ ಅರವತ್ತು ಜನ ಅಂದರೆ ತಲೆಗೆ 1.1. ದುಂಡು ಮೇಜಿಗೆ ಅದರ ದುಪ್ಪಟ್ಟಿಗಿಂತ ಹೆಚ್ಚು ಬೇಕು. ಆ ಕೋಣೆಯಲ್ಲಿ ಮೂರು ಮೇಜು ಹಿಡಿಸಬಹುದು, 27 ಜನ. ನಿಮ್ಮ ಎಂಎ ಕ್ಲಾಸಿಗೆ ಸರಿ, ಬಿಎಗೆ ಇಲ್ಲ.

ನಡುವಿನ ದಾರಿ: ಇಬ್ಬರು ಕೂರುವ ಹಗುರ ಮೇಜು, ಬಿಡಿ ಕುರ್ಚಿ. ಸಾಲಾಗಿಟ್ಟರೆ ಪರೀಕ್ಷೆ, ಎರಡು ಮೇಜು ಎದುರುಬದುರು ಕೂಡಿಸಿದರೆ ನಾಲ್ಕರ ತಂಡ. ಕಾಲಿಗೆ ನೈಲಾನ್ ಬುಶ್ ಹಾಕಿಸಿ. ಕಬ್ಬಿಣದ ಕಾಲನ್ನ ಟೈಲ್ಸ್ ಮೇಲೆ ಎಳೆದರೆ ಕೆಳಗಿನ ಮಹಡಿಯ ಪಾಠ ನಿಂತುಹೋಗುತ್ತೆ.

ದುಂಡುಮೇಜು

ಐದು ನಿಮಿಷದ ಗ್ಯಾಪಲ್ಲಿ ಯಾರು ಮೇಜು ಸರಿಸ್ತಾರೆ ಸರ್? ಮೊದಲ ವಾರ ಸರಿಸ್ತಾರೆ, ಎರಡನೇ ವಾರಕ್ಕೆ ಸಾಲಲ್ಲೇ ಉಳಿಯುತ್ತೆ. ಸರಿಸೋ ಮೇಜು ಅನ್ನೋದು ಸಾಲಿನ ಮೇಜಿನ ಇನ್ನೊಂದು ಹೆಸರು.

ಜಯನಗರದವಳು

ದುಂಡುಮೇಜು, ಎಂಐಟಿಯ ಕಥೆಯ ಇನ್ನರ್ಧವನ್ನೂ ಹೇಳಿ. ಅಲ್ಲಿನ ವಿದ್ಯಾರ್ಥಿಗಳೇ ನಮಗೆ ಈ ಪದ್ಧತಿ ಬೇಡ ಅಂತ 2003ರಲ್ಲಿ ಸಹಿ ಹಾಕಿ ಅರ್ಜಿ ಕೊಟ್ಟಿದ್ದರು. ಕೋಣೆ ಬದಲಾದಷ್ಟು ಬೇಗ ಪಾಠ ಬದಲಾಗಲ್ಲ. ದುಂಡು ಮೇಜಿನ ಸುತ್ತ ಕೂರಿಸಿ ಮೇಷ್ಟ್ರು ಒಂದು ಗಂಟೆ ಭಾಷಣ ಹೊಡೆದರೆ ಅರ್ಧ ಜನಕ್ಕೆ ಕತ್ತು ನೋವು, ಅಷ್ಟೇ ಲಾಭ.

ಚರ್ಚೆಗೆ ಕೋಣೆ ಹೇಗಿರಬೇಕು ಅಂತ ನೋಡೋಕೆ ಬನ್ನೇರುಘಟ್ಟ ರಸ್ತೆಯ ಐಐಎಂಗೆ ಹೋಗಿಬನ್ನಿ. ಆರ್ಕಿಟೆಕ್ಟ್ ಬಿ.ವಿ. ದೋಶಿ ವಿನ್ಯಾಸ. ಕೇಸ್ (ಒಂದು ಸಂಸ್ಥೆಯ ನಿಜವಾದ ಪ್ರಸಂಗ) ಹಿಡಿದು ಚರ್ಚೆ ಮಾಡೋ ಪಾಠಕ್ಕೆ ಅರ್ಧ ಸುತ್ತಿನ, ಮೆಟ್ಟಿಲು ಮೆಟ್ಟಿಲಾದ ಕೋಣೆ ಬೇಕು, ಮಾತಾಡೋನ ಮುಖ ಎಲ್ಲರಿಗೂ ಕಾಣಬೇಕು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1953ರಲ್ಲಿ ಆಲ್ಡ್ರಿಚ್ ಹಾಲ್ ಕಟ್ಟಿದ್ದೂ ಇದಕ್ಕೇ. ಆದರೆ ನನಗೆ ಐಐಎಂನಲ್ಲಿ ಹೆಚ್ಚು ಇಷ್ಟವಾಗಿದ್ದು ಕ್ಲಾಸಲ್ಲ, ಹೊರಗಿನ ಕಲ್ಲಿನ ಓಣಿಗಳು. ಪಾಠ ಮುಗಿದ ಮೇಲಿನ ಮಾತು ಅಲ್ಲಿ ಮುಂದುವರೀಲಿ ಅಂತಲೇ ದೋಶಿ ಅವನ್ನ ಅಷ್ಟು ಅಗಲ ಮಾಡಿದ್ದು. ನಿಮ್ಮ ಕಾರಿಡಾರಲ್ಲಿ ಎರಡು ಕಲ್ಲು ಬೆಂಚಾದರೂ ಹಾಕಿಸಿ ಸರ್, ಅದಕ್ಕೆ ಸಾಫ್ಟ್‌ವೇರ್ ಬೇಡ.

ಒತ್ತಕ್ಷರ

ಕನ್ನಡ ವಿಭಾಗದಿಂದ ಒಂದು ದೂರು, ಇದನ್ನ ಇಂಜಿನಿಯರುಗಳು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಕಾಲಂಬೀಮು ಅವರ ಆರು ಪಟ್ಟಿನ ನಿಯಮ ಇಂಗ್ಲಿಷ್ ಅಕ್ಷರಕ್ಕೆ ಸರಿ ಇರಬಹುದು. "ರಾಷ್ಟ್ರೀಯ" ಅಂತ ಪರದೆ ಮೇಲೆ ಹಾಕಿ ಹಿಂದಿನ ಬೆಂಚಿಂದ ಓದಿ ನೋಡಿ. ಮೇಲಿನ ಷ ಕಾಣುತ್ತೆ, ಕೆಳಗಿನ ಟ ಮತ್ತು ರ ಒತ್ತು ಇರುವೆ ಸಾಲಾಗಿರುತ್ತೆ. ಹಳಗನ್ನಡದ ಪದ್ಯ ಹಾಕಿದರೆ ಕೇಳೋದೇ ಬೇಡ. ಅದೇ ಪಾಯಿಂಟ್ ಸೈಜಲ್ಲಿ ಕನ್ನಡದ ಸ್ಲೈಡು ಇಂಗ್ಲಿಷ್ ಸ್ಲೈಡಿನಷ್ಟು ದೂರಕ್ಕೆ ಮುಟ್ಟಲ್ಲ. ನಮ್ಮ ಕೋಣೆಗೆ ಪರದೆ ದೊಡ್ಡದಿರಲಿ, ಇಲ್ಲ ಕೋಣೆ ಗಿಡ್ಡದಿರಲಿ. ತಿರುಗಿಸಿದ ಕೋಣೆಗೆ ನನ್ನದೂ ವೋಟು.

ಇನ್ನೊಂದು. ನಮ್ಮವರ ಹಳೇ ಟಿಪ್ಪಣಿಗಳು ಇನ್ನೂ ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟಲ್ಲಿವೆ. ಪೆನ್‌ಡ್ರೈವ್ ತಂದು ಪ್ಯಾನಲ್‌ಗೆ ಚುಚ್ಚಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರದ ರಾಶಿ. ತರಬೇತಿ ಅಂತ ಕಂಪನಿಯವರು ಬಂದು ಪರದೆ ಮೇಲೆ ಭೂಗೋಳ ತಿರುಗಿಸಿ ತೋರಿಸಿ ಹೋಗ್ತಾರೆ. ಈ ಫೈಲ್ ಹೇಗೆ ಬದಲಾಯಿಸೋದು ಅಂತ ಒಬ್ಬರೂ ಹೇಳಿಕೊಡಲ್ಲ.

ಎಡಗಿವಿ

ನಮಸ್ತೆ. ಎರಡನೇ ವರ್ಷದ ಎಂಎ, ಹಿಯರಿಂಗ್ ಏಡ್ ಹಾಕ್ತೀನಿ. ಸಪ್ಪಳ ಮೇಡಂ ಬರೆದಿದ್ದನ್ನ ಪ್ರಿಂಟ್ ತೆಗೆದು ನಮ್ಮ ಕಾಲೇಜಿನ ಗೋಡೆಗೆ ಅಂಟಿಸಬೇಕು ಅನ್ನಿಸ್ತು. ಏಡ್ ಎಲ್ಲ ಸದ್ದನ್ನೂ ಹೆಚ್ಚಿಸುತ್ತೆ, ಗೋಡೆಯಿಂದ ವಾಪಸ್ ಬರೋದನ್ನೂ.

ನನ್ನ ಅರ್ಧ ಪಾಠ ತುಟಿ ನೋಡಿ ಅರ್ಥವಾಗೋದು. ಮೇಷ್ಟ್ರ ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಾಣುತ್ತೆ, ನನಗೆ ಆ ಕ್ಲಾಸ್ ಹೋದಂಗೇ. ಪ್ರೊಜೆಕ್ಟರ್ ಹಾಕಿ ಲೈಟೆಲ್ಲ ಆರಿಸಿದರೂ ಅಷ್ಟೇ. ಮೇಷ್ಟ್ರು ನಿಲ್ಲೋ ಜಾಗಕ್ಕೆ ಬೇರೆ ಲೈಟು, ಅದಕ್ಕೆ ಬೇರೆ ಸ್ವಿಚ್ಚು, ಇಷ್ಟು ಸಾಕು.

ಕಾಲಂಬೀಮು

ಒಳ್ಳೇ ಮಾತು. ತಿರುಗಿಸಿದ ಕೋಣೆಯಲ್ಲಿ ಕಿಟಕಿ ವಿದ್ಯಾರ್ಥಿಗಳ ಬೆನ್ನಿಗೆ ಬರುತ್ತೆ, ಬೆಳಕು ನೇರ ಮೇಷ್ಟ್ರ ಮುಖಕ್ಕೆ. ನಿಮಗೆ ಅನುಕೂಲ. ತೊಂದರೆ ಪ್ಯಾನಲ್‌ಗೆ: ಅದರ ಗಾಜಲ್ಲಿ ಕಿಟಕಿಯೇ ಕಾಣಿಸುತ್ತೆ. ಮೂರನೇಮಹಡಿ ಸರ್, ಕಿಟಕಿ ಯಾವ ದಿಕ್ಕು? ಉತ್ತರ ಆದರೆ ನೇರ ಬಿಸಿಲಿನ ಕಾಟ ಕಡಿಮೆ, ರೋಲರ್ ಬ್ಲೈಂಡ್ ಸಾಕು. ಪಶ್ಚಿಮ ಆದರೆ ಮಧ್ಯಾಹ್ನ ಮೂರರ ಮೇಲೆ ಪ್ಯಾನಲ್ ಮೇಲೆ ಏನೂ ಕಾಣಲ್ಲ, ಹೊರಗೆ ನೆರಳುಪಟ್ಟಿ ಕಟ್ಟಿಸಲೇಬೇಕು. ಯಾವ ಕಾರಣಕ್ಕೂ ಗಾಜಿಗೆ ಕರೀ ಶೀಟು ಅಂಟಿಸಬೇಡಿ. ಹಾಗೆ ಮಾಡಿದ ಕಡೆ ಹಗಲೆಲ್ಲ ಟ್ಯೂಬ್‌ಲೈಟ್ ಉರಿಯುತ್ತೆ.

ಕಿಟಕಿತೆಗೀರಿ

ಎಸಿ ಬಗ್ಗೆ ಯಾರೂ ಮಾತಾಡಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಮಾರ್ಚ್‌ನಿಂದ ಮೇವರೆಗೆ ಬಿಟ್ಟರೆ ಫ್ಯಾನು, ಕಿಟಕಿ ಸಾಕಾಗೋ ಊರು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರಲ್ಲ, ಒಳಗಿನದ್ದನ್ನೇ ತಂಪು ಮಾಡಿ ಸುತ್ತಿಸುತ್ತೆ. ಸುಮ್ಮನೆ ಕೂತ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡ್ತಾರೆ. ಅರವತ್ತು ಜನ, 233 ಘನ ಮೀಟರ್, ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದೆ ಅಂದುಕೊಳ್ಳಿ. ಏಳೆಂಟು ನಿಮಿಷಕ್ಕೆ ಅದು 1000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸಾವಿರ ಪಾಲು) ದಾಟುತ್ತೆ. ಗಂಟೆ ಮುಗಿಯೋ ಹೊತ್ತಿಗೆ 5000. ನಿಜವಾದ ಕೋಣೆ ಸ್ವಲ್ಪ ಸೋರುತ್ತೆ, ಅಷ್ಟಾಗಲ್ಲ. ಆದರೂ ಮಧ್ಯಾಹ್ನದ ಕ್ಲಾಸಲ್ಲಿ ತೂಕಡಿಸೋರನ್ನೆಲ್ಲ ಸೋಮಾರಿಗಳು ಅಂತ ಬಯ್ಯೋ ಮುಂಚೆ ಇದನ್ನ ನೋಡಿ.

ಸಪ್ಪಳ

ಕಿಟಕಿ ತೆಗೆದರೆ ಬಸ್ಸಿನ ಹಾರ್ನು ಒಳಗೆ. ಅದಕ್ಕೇನು ಮಾಡೋಣ?

ಕಿಟಕಿತೆಗೀರಿ

ರಸ್ತೆ ಕಡೆ ಮುಚ್ಚಿ, ಕಾರಿಡಾರ್ ಕಡೆ ಮೇಲ್ಗಡೆ ವೆಂಟಿಲೇಟರ್ ಬಿಡಿಸಿ, ರಸ್ತೆ ಕಡೆ ಗೋಡೆಯಲ್ಲಿ ಗಾಳಿ ಒಳಗೆ ತರೋ ಫ್ಯಾನು, ಶಬ್ದ ತಡೆಯೋ ಡಕ್ಟಿನ (ಗಾಳಿ ಕೊಳವೆಯ) ಜೊತೆ. ಪೂರ್ತಿ ಪರಿಹಾರ ಅಲ್ಲ, ಒಪ್ತೀನಿ. ರಸ್ತೆ ಪಕ್ಕದ ಎಂಟೂ ಕೋಣೆಗೆ ಒಂದೇ ಔಷಧಿ ಇಲ್ಲ.

ವೈರುಬಾಲು

ಇಪ್ಪತ್ತು ವರ್ಷದಿಂದ ಕಾಲೇಜುಗಳ ಪ್ರೊಜೆಕ್ಟರ್, ಪ್ಯಾನಲ್ ರಿಪೇರಿ ಮಾಡೋನು ಸಾರ್. ನನ್ನ ಮಾತು ಕೇಳಿ.

ಪ್ಲಾಸ್ಟರ್ ಆಗೋಕ್ ಮುಂಚೆ ಮೇಷ್ಟ್ರ ಟೇಬಲಿಂದ ಬೋರ್ಡಿಗೆ, ಸೀಲಿಂಗಿಗೆ ದಪ್ಪ ಪೈಪ್ ಹಾಕಿಸಿ. 50 ಎಂಎಂ. ಎಲೆಕ್ಟ್ರಿಷಿಯನ್ 25 ಸಾಕು ಅಂತಾನೆ, ಬೆಂಡಲ್ಲಿ ಎಚ್‌ಡಿಎಂಐ (ಚಿತ್ರ, ಸದ್ದು ಸಾಗಿಸೋ ಕೇಬಲ್) ತಲೆ ನುಗ್ಗಲ್ಲ. ಒಳಗೆ ಒಂದು ಎಳೆಯೋ ತಂತಿ ಬಿಟ್ಟಿರಿ. ಇವತ್ತಿನ ಕೇಬಲ್ ನಾಳೆ ಇರಲ್ಲ. ಹಳೇ ಕಾಲದ ವಿಜಿಎ ಕೇಬಲ್ಲನ್ನ ಗೋಡೆ ಒಳಗೆ ಹೂತು ಪ್ಲಾಸ್ಟರ್ ಮಾಡಿರೋ ಕಾಲೇಜು ಎಷ್ಟು ಬೇಕು ನಿಮಗೆ? ಕರೆಂಟ್ ಪೈಪು, ಡೇಟಾ ಪೈಪು ಬೇರೆ ಬೇರೆ. ಎಚ್‌ಡಿಎಂಐ ಹತ್ತು ಹದಿನೈದು ಮೀಟರ್ ದಾಟಿದರೆ ನೆಚ್ಚಬೇಡಿ, ಕ್ಯಾಟ್ 6 ನೆಟ್‌ವರ್ಕ್ ವೈರಲ್ಲಿ ಎಕ್ಸ್‌ಟೆಂಡರ್ (ಸಿಗ್ನಲ್ ದೂರ ಕಳಿಸೋ ಡಬ್ಬಿ) ಹಾಕ್ಸಿ.

ಎಂಟೂ ಕೋಣೆಲಿ ಒಂದೇ ಥರ ಇರ್ಲಿ. ಒಂದೇ ಕಡೆ ಸ್ವಿಚ್ಚು, ಒಂದೇ ಮಾಡೆಲ್ಲು. ಮೇಷ್ಟ್ರಿಗೆ ಒಂದು ರೂಮ್ ಗೊತ್ತಾದ್ರೆ ಎಂಟೂ ಗೊತ್ತಾಯ್ತು. ನಂಗೆ ಬರೋ ಫೋನ್ ಕಾಲ್‌ಗಳಲ್ಲಿ ಮುಕ್ಕಾಲು ಪಾಲು ರಿಪೇರಿ ಅಲ್ಲ ಸಾರ್, ಸೋರ್ಸ್ ಬಟನ್ ಒತ್ತಿರಲ್ಲ. ಇಲ್ಲ ರಿಮೋಟ್ ಕಪಾಟಲ್ಲಿ, ಕಪಾಟಿನ ಕೀಲಿ ಅಟೆಂಡರ್ ಹತ್ರ, ಅಟೆಂಡರ್ ಟೀಗೆ.

ಟೆಂಡರಲ್ಲಿ ಐದು ವರ್ಷ ಸರ್ವೀಸ್ ಸೇರಿಸೇ ರೇಟ್ ಕೇಳಿ. ಆಮೇಲೆ ಕೇಳಿದ್ರೆ ಕೊಡಲ್ಲ.

ಹಿಂದಿನಬೆಂಚು

ವೈರುಬಾಲು ಅಣ್ಣ, ಪ್ಲಗ್ ಪಾಯಿಂಟ್ 🙏

ವೈರುಬಾಲು

ನೆಲದಲ್ಲಿ ಬಾಕ್ಸ್ ಹಾಕ್ಸಬೇಡಿ ತಮ್ಮ, ಗುಡಿಸೋ ನೀರು ಹೋಗುತ್ತೆ. ಸುತ್ತ ಗೋಡೆಗೆ ಡೆಸ್ಕ್ ಎತ್ತರಕ್ಕೆ ಸಾಲಾಗಿ ಹಾಕಿಸಿದ್ರೆ ಸಾಕು. ಲ್ಯಾಪ್‌ಟಾಪ್ ಇರೋನು ಗೋಡೆ ಪಕ್ಕ ಕೂತ್ಕೊಳ್ಳಿ.

ಮೂರನೇಮಹಡಿ

ಎಲ್ಲರಿಗೂ ಧನ್ಯವಾದ. ಎರಡು ಪುಟದ ಟಿಪ್ಪಣಿ ಬರೆದು ಸಭೆಯಲ್ಲಿಟ್ಟೆ. ಬಂದ ಉತ್ತರ ಹೀಗಿದೆ.

ಬೋರ್ಡು ಕಾರಿಡಾರ್ ಗೋಡೆಗೆ: ಒಪ್ಪಿದರು, ಖರ್ಚಿಲ್ಲ ಅಂತ. ಪಾಠದ ಬದಿಗೇ ಬಾಗಿಲು ಬರುತ್ತೆ, ತಡವಾಗಿ ಬಂದೋರು ಮೇಷ್ಟ್ರ ಮುಂದೆಯೇ ಹಾಯಬೇಕು ಅಂತ ಒಬ್ಬರು ತಕರಾರು ತೆಗೆದರು. ಪ್ರಿನ್ಸಿಪಾಲರು ಅದೇ ಒಳ್ಳೇದು ಅಂದರು. 50 ಎಂಎಂ ಪೈಪು, ಮೇಷ್ಟ್ರ ಜಾಗಕ್ಕೆ ಬೇರೆ ಲೈಟು, ಗೋಡೆ ಸುತ್ತ ಪ್ಲಗ್ಗು: ಆಯ್ತು. ಮುಂದಿನ ವೇದಿಕೆ ಕಟ್ಟೋದನ್ನ ಕೈಬಿಡಿಸಿದೆ. ಗಾಲಿಕುರ್ಚಿಯಲ್ಲಿ ಬರೋ ಅಧ್ಯಾಪಕರೊಬ್ಬರು ನಮ್ಮಲ್ಲೇ ಇದ್ದಾರೆ, ಅವರು ಬೋರ್ಡ್ ಮುಟ್ಟೋದು ಹೇಗೆ ಅಂತ ಯಾರಿಗೂ ಹೊಳೆದೇ ಇರಲಿಲ್ಲ.

ಸೀಲಿಂಗಿಗೆ ಎಂಟರಲ್ಲಿ ನಾಲ್ಕು ಕೋಣೆಗೆ ಮಾತ್ರ ಒಪ್ಪಿಗೆ. ಆ ನಾಲ್ಕಕ್ಕೆ ಎಸಿ ಬಿಟ್ಟು ಆ ದುಡ್ಡು ಇದಕ್ಕೆ. ಗಾಳಿಯ ಡಕ್ಟಿನ ಮಾತು ಮುಂದಕ್ಕೆ ಹೋಯಿತು. ಎರಡು ಎಂಎ ಕೋಣೆಗೆ ದುಂಡು ಮೇಜು. ಪರೀಕ್ಷೆಗೆ ಅವು ಬೇಡ, ಮೌಲ್ಯಮಾಪನಕ್ಕೆ ಬಳಸ್ತೀವಿ ಅಂತ ಪರೀಕ್ಷಾ ವಿಭಾಗದವರೇ ದಾರಿ ಹೇಳಿದರು.

ಪ್ಯಾನಲ್ ಮಾತ್ರ 75 ಇಂಚೇ. ಆ ಸಾಲು ಮುಟ್ಟಿದರೆ ಅಂದಾಜು ಪಟ್ಟಿಯನ್ನ ಮತ್ತೆ ಮೇಲಿನ ಕಚೇರಿಗೆ ಕಳಿಸಬೇಕಂತೆ. ಕಿಟಕಿ ಪಶ್ಚಿಮಕ್ಕಿದೆ, ಕಾಲಂಬೀಮು ಸರ್. ನೆರಳುಪಟ್ಟಿಗೆ ಅಂದಾಜು ವೆಚ್ಚ ಕೊಡಿ ಅಂದಿದ್ದಾರೆ, ಗುರುವಾರದೊಳಗೆ.

ಕಾಲಂಬೀಮು

ಕಿಟಕಿಯ ಅಗಲ, ಎತ್ತರ, ನೆಲದಿಂದ ಕಿಟಕಿಯ ಕೆಳ ಅಂಚಿನ (ಸಿಲ್) ಎತ್ತರ ಕಳಿಸಿ. ಪಶ್ಚಿಮಕ್ಕೆ ಅಡ್ಡಪಟ್ಟಿ ಕೆಲಸ ಮಾಡಲ್ಲ, ಇಳಿಬಿಸಿಲು ಕೆಳಗಿಂದ ನುಗ್ಗುತ್ತೆ. ನಿಲುವಾದ ಪಟ್ಟಿ ಬೇಕು, ಸ್ವಲ್ಪ ಉತ್ತರಕ್ಕೆ ತಿರುಗಿಸಿ. ಬುಧವಾರ ಸಂಜೆಗೆ ಸ್ಕೆಚ್ ಕೊಡ್ತೀನಿ.